ಮರ ಇಳಿಯದ ಮರಿ

ಈಗ ಹೇಳಲಿರುವುದು ಅಪ್ಪಟ ನಿಜ. ಸುಳ್ಳೆಂದು ಸಾಬೀತು ಮಾಡಿದವರಿಗೆ ನನ್ನ ಅರ್ಧ ಮೀಸೆ ಬಹುಮಾನ. ಪೂರ್ತಿ ಮೀಸೆಯನ್ನೇ ಕೊಡೋಣವೆಂದರೆ ಇನ್ನರ್ಧ ಆಗಲೇ ಗಂಜಿಗೆ ಅಂಟಿಹೋಗಿತ್ತು. ಯಾಕೆಂದರೆ ಆ ಹೊತ್ತಿನಲ್ಲಿ ನನ್ನ ಮುಖ ಪೂರ್ತಿ ಗಂಜಿ ಪೈಪಿನೊಳಗಿತ್ತು.

"ಏನಾದ್ರೂ ಕಾಣ್ತಾ?" ಹಿಂದಿನಿಂದ ಡಾಕ್ಟರಮ್ಮ ಪಿಸುಗುಟ್ಟಿದರು.

"ಬರೀ ಕತ್ತಲೆ."

"ಅದು ನೀವು ಬಂದ ದಿನದಿಂದಲೂ ಕಾಣ್ತಾ ಇದೆಯಲ್ಲ."

ಸುಮ್ಮನೆ ತಲೆ ಹೊರಗೆಳೆದೆ. ಮಾತು ಸರಿಯಾಗಿತ್ತು. ತಾಯಿ ಸತ್ತ ಕರಡಿಮರಿಗಳನ್ನು ಬೆಳೆಸಿ ಕಾಡಿಗೆ ಬಿಡುವ ಈ ಕೇಂದ್ರದಿಂದ ಹೋದ ಎರಡು ಮರಿಗಳು ಕಾಡು ಬಿಟ್ಟು ನೇರ ಜನರ ನಡುವೆಯೇ ಹೋಗಿ ಸತ್ತಿದ್ದವು. ಇಲ್ಲಿ ಯಾರೋ ಅವನ್ನು ಗುಟ್ಟಾಗಿ ಪಳಗಿಸಿದ್ದಾರೆ, ಯಾರೆಂದು ಪತ್ತೆ ಮಾಡಿ ಎಂದು ಕೇಂದ್ರ ನಡೆಸುವ ಡಾಕ್ಟರಮ್ಮ ಪತ್ತೇದಾರನಾದ ನನ್ನನ್ನು ಕರೆಸಿದ್ದರು. ನಾನು ಇಷ್ಟು ದಿನ ಪತ್ತೆ ಮಾಡಿದ್ದು ಬಾತ್‌ರೂಮ್ ಎಲ್ಲಿದೆ ಎಂಬುದನ್ನು ಮಾತ್ರ.

ಉಳಿದಿರುವುದು ಮೂರನೆಯದು. ಹೆಣ್ಣು. ಅದಕ್ಕೆ ಹೆಸರಿಲ್ಲ, ಇಲ್ಲಿ ಮರಿಗಳಿಗೆ ಹೆಸರಿಡುವಂತಿಲ್ಲ. ಹೆಸರಿಟ್ಟರೆ ಕರೆಯಬೇಕೆನಿಸುತ್ತದೆ, ಕರೆದರೆ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಆದ್ದರಿಂದ ಅದು ಬರೀ 'ಮೂರನೆಯದು'.

ಇಂದು ಸಂಜೆ ಅರಣ್ಯ ಇಲಾಖೆಯ ಸಾಹೇಬರು ಬಂದು ಅದನ್ನು ಪರೀಕ್ಷೆ ಮಾಡುವವರಿದ್ದರು. ಮನುಷ್ಯನನ್ನು ಕಂಡು ದೂರ ಓಡಿದರೆ ಕಾಡು. ಹತ್ತಿರ ಬಂದರೆ ಸಾಯಿಸುವ ಇಂಜೆಕ್ಷನ್. ಎರಡರ ನಡುವೆ ಮೃಗಾಲಯ ಎಂಬ ಮೂರನೇ ದಾರಿಯೂ ಇತ್ತು. ಕೇಳಿದ ಮೃಗಾಲಯಗಳೆಲ್ಲ ಜಾಗವಿಲ್ಲ ಅಂದಿದ್ದವು.

"ನೋಡಿ ಡಾಕ್ಟ್ರೇ," ಮೀಸೆ ಒರೆಸಿಕೊಳ್ಳುತ್ತ ಹೇಳಿದೆ, "ಕ್ಯಾಮೆರಾ ರೆಕಾರ್ಡಿಂಗ್ ಎಲ್ಲಾ ನೋಡಿದೆ. ಯಾರೂ ಮರಿಯನ್ನ ಮುಟ್ಟಿಲ್ಲ, ಯಾರೂ ಕೈಯಾರೆ ತಿನ್ನಿಸಿಲ್ಲ. ಕೋಟಿಲ್ಲದೆ ಒಳಗೆ ಕಾಲಿಟ್ಟವರೇ ಇಲ್ಲ."

ಕೋಟು ಅಂದರೆ ನೀವಂದುಕೊಂಡ ಕೋಟಲ್ಲ. ಕರಿಯ ಉಣ್ಣೆಯ ದಪ್ಪ ನಿಲುವಂಗಿ, ಅದಕ್ಕೆ ಕೊಳೆತ ಎಲೆ ಮತ್ತು ಕರಡಿಯ ಲದ್ದಿ ತಿಕ್ಕಿರುತ್ತಾರೆ. ಮೇಲೆ ಉದ್ದ ಮೂತಿಯ ಮುಖವಾಡ. ಆವರಣದೊಳಗೆ ಹೋಗುವವರು ಅದನ್ನು ತೊಟ್ಟು, ತುಟಿ ಹೊಲಿದುಕೊಂಡವರ ಹಾಗೆ ಹೋಗಿ ಬರಬೇಕು. ಮೊದಲ ದಿನ ನಾನದನ್ನು ತೊಟ್ಟು ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ತಡೆದು, "ಕರಡಿ ಕೇಸು ಸಿಕ್ಕಿದೆ ಅಂದ್ರಿ, ಕರಡಿಯೇ ಆಗಿಬಿಡ್ತೀನಿ ಅಂದಿರಲಿಲ್ಲ," ಅಂದಿದ್ದಳು.

"ಹಾಗಾದ್ರೆ?" ಡಾಕ್ಟರಮ್ಮ ಕೇಳಿದರು.

"ಹಾಗಾದ್ರೆ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿ ಇಲ್ಲ. ಮುಟ್ಟದೆ, ಮುಖ ತೋರಿಸದೆ ಪಳಗಿಸೋಕೆ ಇರೋದು ಒಂದೇ ದಾರಿ. ಯಾರೋ ಅದರ ಹತ್ತಿರ ಮಾತಾಡ್ತಾರೆ."

"ಯಾರು?"

"ಅದನ್ನ ಮೂರನೆಯದನ್ನೇ ಕೇಳೋಣ."

ಕಾಲೇಜಿನಲ್ಲಿ ನಾನು ಗೆದ್ದ ಒಂದೇ ಒಂದು ಕಪ್ಪು ಮಿಮಿಕ್ರಿಯದು. ಮಿಕ್ಕವೆಲ್ಲ ಕ್ಯಾಂಟೀನಿನ ಕಪ್ಪುಗಳು. ಪತ್ತೇದಾರಿಕೆಗೆ ಬಂದ ಮೇಲೆ ಆ ವಿದ್ಯೆ ಫೋನಿನಲ್ಲಿ ಬ್ಯಾಂಕಿನವರ ಹಾಗೆ ಮಾತಾಡುವುದನ್ನು ಬಿಟ್ಟರೆ ಬೇರೆ ಉಪಯೋಗಕ್ಕೆ ಬಂದಿರಲಿಲ್ಲ. ಇಂದು ಬಂತು.

ಗಂಜಿ ಬೇಯಿಸುವ ಅಡುಗೆಮನೆಯಲ್ಲಿ ಎಲ್ಲರನ್ನೂ ಸೇರಿಸಿದೆ. ಎಲ್ಲರೂ ಅಂದರೆ ಮೂವರು. ಆವರಣಕ್ಕೂ ಈ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅದರಲ್ಲಿ ಕೊಡ ಹಿಡಿಸುವಷ್ಟು ಅಗಲದ ಪೈಪು. ಗಂಜಿ ಈ ಬದಿಯಲ್ಲಿ ಸುರಿದರೆ ಆ ಬದಿಯ ಕಲ್ಲುಬಾನಿಗೆ ಬೀಳುತ್ತದೆ. ಕೊಟ್ಟ ಕೈ ಮರಿಗೆ ಕಾಣಬಾರದೆಂದು ಡಾಕ್ಟರಮ್ಮನೇ ನಿಂತು ಹಾಕಿಸಿದ ಪೈಪು. ಪಕ್ಕದಲ್ಲಿ ಇಣುಕಿ ನೋಡಲು ಒಂದು ಸೀಳುಗಂಡಿ.

ಒಲೆಯ ಮುಂದೆ ಅತ್ತಿಗೆ. ಡಾಕ್ಟರಮ್ಮನ ತೀರಿಹೋದ ಅಣ್ಣನ ಹೆಂಡತಿ. ಗಂಡ ಹೋದ ಮೇಲೆ ನಾದಿನಿಯ ಜೊತೆಗೇ ಬಂದು ನಿಂತವರು. ಅವರನ್ನು ಇಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಾರೆ, ಇಲಾಖೆಯ ಸಾಹೇಬರೂ ಸೇರಿ.

ಬಾಗಿಲಿಗೆ ಅಡ್ಡವಾಗಿ ನಿಂತವನು ಮೌನಿ, ಮರಿಗಳ ಪಾಲಕ. ಆಳು ಬೀರುವಿನಷ್ಟು. ನಿದ್ದೆಯಲ್ಲೂ ವಟಗುಟ್ಟುವವನಾದ್ದರಿಂದ ಅವನಿಗೆ ಮೌನಿ ಎಂದು ಹೆಸರು ಬಿದ್ದಿತ್ತು. ನನ್ನ ಅನುಮಾನ ಅವನ ಮೇಲೆಯೇ. ಅಷ್ಟು ಮಾತು ಹೊಟ್ಟೆಯಲ್ಲಿಟ್ಟುಕೊಂಡು ಯಾರು ತಾನೇ ದಿನವಿಡೀ ಬಾಯಿ ಮುಚ್ಚಿಕೊಂಡಿರಬಲ್ಲರು?

"ಎಲ್ಲರೂ ಗಂಡಿಯಲ್ಲಿ ನೋಡ್ತಿರಿ. ಪರಿಚಯದ ದನಿ ಕೇಳಿದ್ರೆ ಮರಿ ಇಳಿದು ಬರುತ್ತೆ. ಪರಿಚಯ ಇಲ್ಲದಿದ್ರೆ ಹೆದರುತ್ತೆ."

"ಸಿನಿಮಾ ನೋಡ್ದಂಗಾಯ್ತು," ಮೌನಿ ಪಿಸುಗುಟ್ಟಿದ. ಇಲ್ಲಿ ಎಲ್ಲರೂ ಪಿಸುಗುಟ್ಟಿಯೇ ಮಾತಾಡುವುದು. ಅದು ಡಾಕ್ಟರಮ್ಮನ ಕಟ್ಟಪ್ಪಣೆ. ಗೋಡೆಯಾಚೆಗೂ ಮಾತು ದಾಟಬಾರದು. ಹೀಗಾಗಿ ಈ ಅಡುಗೆಮನೆಯಲ್ಲಿ ಉಪ್ಪು ಕೇಳಿದರೂ ಯಾರದೋ ಮೇಲೆ ಚಾಡಿ ಹೇಳಿದ ಹಾಗೆ ಕೇಳಿಸುತ್ತದೆ.

ಗಂಡಿಯಲ್ಲಿ ನೋಡಿದೆ. ಮರಿ ಮರದ ಕವಲಿನಲ್ಲಿ ಕುಳಿತು ತೊಗಟೆ ಸುಲಿಯುತ್ತಿತ್ತು. ಮರಿ ಮರದಲ್ಲಿ, ನಾನು ಮರೆಯಲ್ಲಿ. ಪೈಪಿಗೆ ಬಾಯಿಟ್ಟೆ.

"ಏನ್ ರಾಜಾ, ಏನ್ ಸಮಾಚಾರ ರಾಜಾ, ತಿಂದ್ಯಾ ಇಲ್ವಾ ರಾಜಾ, ನಮ್ಮನೇಲಿ ನಲ್ಲಿ ಸೋರ್ತಾ ಇದೆ ರಾಜಾ, ಹೆಂಡ್ತಿ ಬೈತಾ ಇದಾಳೆ..."

"ನಾನು ಹಂಗಾ ಮಾತಾಡೋದು?" ಮೌನಿ ಅತ್ತಿಗೆಯ ಕಿವಿಯಲ್ಲಿ ಕೇಳಿದ.

"ಇಷ್ಟು ಚೆನ್ನಾಗಿ ಅಲ್ಲ."

ಮೂರನೆಯದು ಕಿವಿ ನಿಮಿರಿಸಿತು. ಉಫ್ ಎಂದು ಉಸಿರು ಬಿಟ್ಟು ಒಂದು ಕವಲು ಮೇಲೆ ಹತ್ತಿತು.

ಅತ್ತಿಗೆಯ ದನಿ ಮಾಡಿದೆ. ಮೂಗಿನಿಂದ ಶುರುವಾಗಿ ನಿಟ್ಟುಸಿರಲ್ಲಿ ಮುಗಿಯುವ ದನಿ. "ಉಣ್ಣು ಕಂದಾ. ಯಾರಿದಾರೆ ನಿಂಗೆ, ಯಾರಿದಾರೆ ನಂಗೆ." ಮರಿ ಇನ್ನೊಂದು ಕವಲು ಹತ್ತಿತು.

ಡಾಕ್ಟರಮ್ಮನ ದನಿ ಮಾಡಿದೆ. ಅದು ತುದಿಯ ಟೊಂಗೆಗೆ ಹೋಗಿ ಕಾಂಡ ತಬ್ಬಿಕೊಂಡು ಗಡಗಡ ನಡುಗಿತು.

ನನ್ನ ಸಿದ್ಧಾಂತವೂ ಅದರ ಜೊತೆ ಮರ ಹತ್ತಿ ಕುಳಿತಿತು. ಇಲ್ಲಿಯ ಯಾರ ದನಿಯೂ ಅದಕ್ಕೆ ಪರಿಚಯವಿರಲಿಲ್ಲ.

ಮೌನಿ ಬಾಗಿಲು ಬಿಟ್ಟು ಮುಂದೆ ಬಂದ. ಬೀರು ನಡೆದು ಬಂದ ಹಾಗಿತ್ತು.

"ಮೊದಲು ನನ್ನ ದನಿ ಯಾಕೆ ಮಾಡಿದ್ರಿ ಸಾರ್?"

"ಯಾರದ್ದಾದ್ರೂ ಮೊದಲು ಮಾಡ್ಬೇಕಲ್ಲ."

"ಸುಳ್ಳು. ನಿಮಗೆ ನನ್ನ ಮೇಲೆ ಗುಮಾನಿ. ಮೊನ್ನೆ ನನ್ನ ಬೀಗದ ಪೆಟ್ಟಿಗೆ ಜಾಲಾಡಿದ್ದು ನಂಗೊತ್ತು. ಏನ್ ಸಿಕ್ತು? ಎರಡು ಬನಿಯನ್ನು, ಒಂದು ಬಾಚಣಿಗೆ. ಅದರಲ್ಲೂ ಹಲ್ಲಿಲ್ಲ."

"ಸಾಕು ಬಿಡೋ," ಅತ್ತಿಗೆ ಅಂದರು.

"ಇರಿ ಅತ್ತಿಗೆ. ನನ್ನ ಮಗಳಿಗೆ ಹೆರಿಗೆ ಆದಾಗ ನಾನಿಲ್ಲಿದ್ದೆ, ಈ ಮರಿಗೆ ಭೇದಿ ಅಂತ. ಆಮೇಲೆ ಹೋದ್ರೆ ಮಗಳು ಮೊಮ್ಮಗನ್ನ ಕೈಗೆ ಕೊಡಲಿಲ್ಲ. 'ಅಪ್ಪಾ, ಮೊದಲು ಸ್ನಾನ ಮಾಡು, ಇಲ್ಲಾಂದ್ರೆ ಕೂಸು ಕರಡಿ ಭಾಷೆ ಕಲಿಯುತ್ತೆ' ಅಂದ್ಲು." ಅವನು ಎದೆ ಮುಟ್ಟಿಕೊಂಡ. "ನಾನು ಸಾರ್, ನಾನು. ಗೋಡೆ ಜೊತೆ ಮಾತಾಡೋನು. ಇದಕ್ಕೆ ಮುಳ್ಳು ಚುಚ್ಚಿ ಒದ್ದಾಡ್ತಾ ಇದ್ದಾಗ ಪಕ್ಕದಲ್ಲಿ ಕೂತಿದ್ದೆ. 'ಏನಾಗಲ್ಲ' ಅಂತ ಒಂದು ಮಾತು ಹೇಳಲಿಲ್ಲ. ನಾಲಿಗೆ ಕಚ್ಕೊಂಡು ಕೂತಿದ್ದೆ. ನನ್ನ ದನಿ ಮಾಡ್ತೀರಲ್ಲ, ಅದನ್ನ ಮಾಡಿ ನೋಡೋಣ."

ಅದನ್ನು ಮಾಡಲು ನನಗೆ ಬರುತ್ತಿರಲಿಲ್ಲ.

 ಅತ್ತಿಗೆ ಕುದಿಯುತ್ತಿದ್ದ ಗಂಜಿ ಇಳಿಸಿ ಆರಲು ಇಟ್ಟರು. ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ಇಂಥ ಮೌನ ನನಗೆ ಆಗಿಬರುವುದಿಲ್ಲ. ತಪ್ಪೊಪ್ಪಿಕೊಳ್ಳುವುದರ ಬದಲು ತಮಾಷೆ ಮಾಡುವ ಜಾತಿ ನಾನು. ಒಲೆಯ ಪಕ್ಕದಲ್ಲಿದ್ದ ಅತ್ತಿಗೆಯ ಕನ್ನಡಕ ಎತ್ತಿ ಮೂಗಿನ ತುದಿಗೆ ಸಿಕ್ಕಿಸಿಕೊಂಡೆ, ಒಂದು ಹುಬ್ಬು ಏರಿಸಿದೆ, ಡಾಕ್ಟರಮ್ಮನ ಪಿಸುದನಿಯಲ್ಲಿ ಮೌನಿಯ ಕಡೆ ಬೆರಳು ನೀಡಿದೆ.

"ಏನ್ರೀ ಇದು? ಕೋಟನ್ನ ಹೀಗಾ ನೇತು ಹಾಕೋದು? ಅದು ಕರಡಿ ಕಣ್ರೀ, ಟವೆಲ್ ಅಲ್ಲ. ಲದ್ದಿ ಸರಿಯಾಗಿ ಹಚ್ಚಿಲ್ಲ. ಕೊರಳಿಗೆ ಹಚ್ಚಿ. ಕಂಕುಳಿಗೆ ಹಚ್ಚಿ. ಪೌಡರಿಗಿಂತ ಇದೇ ಚೆನ್ನಾಗಿರುತ್ತೆ, ನನ್ನ ನೋಡಿ, ನಾನು ಬಸ್ಸಲ್ಲಿ ಹೋದ್ರೆ ಪೂರ್ತಿ ಸೀಟು ನಂದೇ."

ಮೌನಿಯ ಮೂಗಿನಿಂದ ಪುಸ್ ಎಂದು ಗಾಳಿ ಹೊರಟಿತು. ಅತ್ತಿಗೆ ಸೌಟಿನ ಹಿಂದೆ ಮುಖ ಮುಚ್ಚಿಕೊಂಡರು. ಆಮೇಲೆ ಡಾಕ್ಟರಮ್ಮ ನಕ್ಕರು.

ಅವರ ನಗುವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ, ಗಂಜಿಯ ಹೊತ್ತಿಗೆ ದಿನಾ ಆಫೀಸಿನಲ್ಲಿ ರೆಕಾರ್ಡಿಂಗ್ ನೋಡುತ್ತ ಕೂತಿರುತ್ತಿದ್ದೆ. ಸಣ್ಣ ಆಳು, ತೆಳು ದನಿ. ಆದರೆ ನಗು ಮಾತ್ರ ಮಹಡಿ ಮೆಟ್ಟಿಲಿನಿಂದ ಖಾಲಿ ಬಕೆಟ್ ಉರುಳಿದ ಹಾಗೆ, ಪ್ರತಿ ಮೆಟ್ಟಿಲಿಗೂ ತಾಗಿ ತಾಗಿ ಇಳಿಯುತ್ತದೆ. ಕ್ಲಾಸಿನಲ್ಲಿ ನಗಬೇಡಿ ಅಂದಾಗ ಬರುತ್ತದಲ್ಲ, ಆ ಥರದ್ದು. ಬಾಯಿ ಮುಚ್ಚಿದರೆ ಕಣ್ಣಿನಿಂದಲಾದರೂ ಬರುವಂಥದ್ದು.

ಆ ನಗುವಿನ ನಡುವೆ ಇನ್ನೊಂದು ಸದ್ದು ಕೇಳಿತು.

ಕರ್. ಕರ್. ಕರ್. ತೊಗಟೆಯ ಮೇಲೆ ಉಗುರು.

ಗಂಡಿಗೆ ಕಣ್ಣಿಟ್ಟೆ. ತುದಿಯ ಟೊಂಗೆಯಲ್ಲಿ ನಡುಗುತ್ತಿದ್ದ ಮೂರನೆಯದು ಹಿಂಬದಿಯಾಗಿ, ಅವಸರವಸರವಾಗಿ ಇಳಿಯುತ್ತಿತ್ತು. ನೆಲಕ್ಕೆ ಧೊಪ್ಪೆಂದು ಬಿದ್ದು ಎದ್ದು, ನೇರ ಬಾನಿಯ ಹತ್ತಿರ ಓಡಿ ಬಂತು. ಹಿಂಗಾಲ ಮೇಲೆ ಎದ್ದು ನಿಂತಿತು. ಮುಂಗಾಲು ಎದೆಯ ಮೇಲೆ ಮಡಚಿಕೊಂಡು, ಬಾಯಿ ತೆರೆದು, ಜೊಲ್ಲು ಸುರಿಸುತ್ತ ಗೋಡೆಯನ್ನೇ ನೋಡುತ್ತ ನಿಂತಿತು.

"ಗಂಜಿ ಇನ್ನೂ ಬಿಟ್ಟೇ ಇಲ್ವಲ್ಲ," ಅತ್ತಿಗೆ ನನ್ನ ಭುಜದ ಹಿಂದಿನಿಂದ ಇಣುಕಿ ಅಂದರು.

ನಗು ನಿಂತಿತು. ಮರಿ ಸ್ವಲ್ಪ ಹೊತ್ತು ನಿಂತು ನೋಡಿ, ನಿಧಾನವಾಗಿ ಮರಕ್ಕೆ ಮರಳಿತು.

"ಮೌನಿ, ನೀವು ನಗಿ," ಅಂದೆ.

"ಏನು?"

"ಜೋರಾಗಿ ನಗಿ."

"ನಗು ಬರ್ತಾ ಇಲ್ಲ ಸಾರ್."

ಅವನ ಪರವಾಗಿ ನಾನೇ ನಕ್ಕೆ. ಮೊದಲು ಅವನ ಹಾಗೆ, ಆಮೇಲೆ ಅತ್ತಿಗೆಯ ಹಾಗೆ, ಆಮೇಲೆ ಯಾರದೂ ಅಲ್ಲದ, ಬೀದಿಯಲ್ಲಿ ಹೋಗುವ ಯಾವನೋ ಒಬ್ಬನ ಹಾಗೆ. ಮೂರು ನಗುವಿಗೂ ಮರಿ ಇಳಿದು ಬಂತು. ಮೂರು ಸಲವೂ ಬಾಯಿ ತೆರೆದು ನಿಂತಿತು.



"ಅತ್ತಿಗೆ, ದಿನಾ ಗಂಜಿ ಆರೋವರೆಗೆ ಇಲ್ಲಿ ಏನ್ ಮಾಡ್ತೀರಿ?"

"ಏನ್ ಮಾಡೋದು? ಬಿಸಿ ಗಂಜಿ ಬಿಟ್ರೆ ಮೂತಿ ಸುಡುತ್ತಲ್ಲ. ಕಾಯ್ತೀವಿ."

"ಸುಮ್ಮನೆ?"

"ಈ ಮೌನಿ ಇದ್ದಾಗ ಸುಮ್ಮನೆ ಇರೋಕಾಗುತ್ತಾ? ನಮ್ಮ ಡಾಕ್ಟ್ರು ಇವಳು ಬೆಳಗಿಂದ ಆ ಮುಖವಾಡ ಹಾಕ್ಕೊಂಡು ಮೂಕಿ ಥರ ಇದ್ದು ಬರ್ತಾಳೆ. ಬಂದ ತಕ್ಷಣ ಇವನು ಏನೋ ಒಂದು ಹೇಳ್ತಾನೆ. ಪಿಸುಪಿಸು ಅಂತಾನೇ ಹೇಳ್ತಾನೆ. ನಗ್ತೀವಿ. ಅಷ್ಟರಲ್ಲಿ ಆರಿರುತ್ತೆ. ಬಿಡ್ತೀವಿ."

"ದಿನಾ?"

"ದಿನಾ. ಮೊದಲನೆಯದು ಬಂದಾಗಿಂದ." ಹೇಳುತ್ತ ಹೇಳುತ್ತ ಅವರ ಕೈಯಲ್ಲಿದ್ದ ಸೌಟು ಕೆಳಗಾಯಿತು.

ಮಾತನ್ನು ಪಿಸುಗುಟ್ಟಬಹುದು. ನಗುವನ್ನು ಪಿಸುಗುಟ್ಟಲು ಬರುವುದಿಲ್ಲ. ಕೈ ಮರೆಮಾಡಲು ಹಾಕಿಸಿದ ಪೈಪು ನಗುವನ್ನು ಮೈಕಿನ ಹಾಗೆ ಆಚೆಗೆ ಮುಟ್ಟಿಸುತ್ತಿತ್ತು. ಮೊದಲು ನಗು, ಹಿಂದೆಯೇ ಗಂಜಿ. ಮರಿಗಳಿಗೆ ಮನುಷ್ಯರ ಮುಖ ಗೊತ್ತಿರಲಿಲ್ಲ, ಕೈ ಗೊತ್ತಿರಲಿಲ್ಲ, ಮಾತು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಈ ಸದ್ದು ಎಲ್ಲಿ ಬರುತ್ತದೋ ಅಲ್ಲಿಗೆ ಹೋಗಿ ಎದ್ದು ನಿಂತರೆ ಹೊಟ್ಟೆ ತುಂಬುತ್ತದೆ.

"ಮೊದಲನೆಯದು ಸತ್ತ ಮನೆಗೆ ನಾನು ಹೋಗಿದ್ದೆ," ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆಯೇ ಹೇಳತೊಡಗಿದೆ. "ಅಂಗಳದಲ್ಲಿ ತಿನ್ನೋಕೆ ಏನಿತ್ತು ಅಂತ ಕೇಳಿದೆ. ಏನೂ ಇರಲಿಲ್ಲ ಅಂದ್ರು. ಇಸ್ಪೀಟು ಆಡ್ತಾ ಇದ್ವಿ, ಒಬ್ಬ ಜೋಕು ಹೇಳಿದ, ತಿರುಗಿ ನೋಡಿದ್ರೆ ಹಿಂದೆ ಕರಡಿ ನಿಂತಿತ್ತು ಅಂದ್ರು. ನಾನು ಅಂಗಳದಲ್ಲಿ ಬಾಳೆಹಣ್ಣಿನ ಸಿಪ್ಪೆ ಹುಡುಕಿಕೊಂಡು ಬಂದೆ."

"ಎರಡನೆಯದು ಶಾಲೆಯಲ್ಲಿ," ಡಾಕ್ಟರಮ್ಮ ಅಂದರು. "ನಾಟಕದ ಪ್ರಾಕ್ಟೀಸು."

"ಎಂಥ ನಾಟಕ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಹಾಸ್ಯ ನಾಟಕ.

ಅವರು ಕನ್ನಡಕ ಹಾಕಿಕೊಂಡರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪತ್ತೆ ಆಯ್ತಲ್ಲ," ಅಂದರು.

"ಡಾಕ್ಟ್ರೇ, ಇದು ಯಾರೂ ಬೇಕಂತ..."

"ಬೇಕಂತ ಮಾಡಿದವರು ಯಾರು ಅಂತ ನಾನು ಕೇಳಿರಲಿಲ್ಲ. ಪಳಗಿಸಿದವರು ಯಾರು ಅಂತ ಕೇಳಿದ್ದೆ."

ಮೌನಿ ಪಾತ್ರೆ ಎತ್ತಿ ಗಂಜಿ ಸುರಿದ. ಯಾರೂ ನಗದೆ ಬಿದ್ದ ಮೊದಲ ಗಂಜಿ ಅದು. ಮರಿ ಎಷ್ಟೋ ಹೊತ್ತು ಅದನ್ನು ಮೂಸಲಿಲ್ಲ.

"ಸಾಹೇಬರಿಗೆ ಹೇಳೋದು ಬೇಡ ಮೇಡಂ," ಅವನು ಅಂದ. "ಅವರು ನಗೋ ಪೈಕಿ ಅಲ್ಲ. ನಗು ಬಂದ್ರೂ ಕೆಮ್ಮಿ ಮುಗಿಸಿಬಿಡ್ತಾರೆ. ಮಾತಾಡ್ತಾರೆ, ಚಪ್ಪಾಳೆ ತಟ್ತಾರೆ, ಇದು ಮರ ಹತ್ತುತ್ತೆ. ಪಾಸು."

"ಆಮೇಲೆ?"

"ಆಮೇಲೆ ಕಾಡು."

"ಕಾಡಲ್ಲಿ ಯಾರು ಕೂತ್ಕೊಂಡು ನಗ್ತಾರೆ?" ಅತ್ತಿಗೆಯೂ ದನಿಗೂಡಿಸಿದರು. "ಹೋಗಲಿ ಬಿಡೇ. ನಾಲ್ಕು ದಿನ ಇದ್ದರೆ ನಾಲ್ಕು ದಿನ."

"ಜೇನು ಕೀಳೋರು ನಗಲ್ವಾ ಅತ್ತಿಗೆ? ಸೌದೆಗೆ ಹೋಗೋ ಹೆಂಗಸರು? ಹೊಳೇಲಿ ಬಟ್ಟೆ ಒಗೆಯೋರು?" ಡಾಕ್ಟರಮ್ಮ ಪೈಪಿನ ಬಾಯಿಗೆ ಕೈ ಅಡ್ಡವಿಟ್ಟು ಮಾತಾಡುತ್ತಿದ್ದರು, ಈಗ ಅದರಿಂದ ಏನೂ ಆಗಬೇಕಿಲ್ಲವಾದರೂ. "ಎರಡನೆಯದು ಒಂದೇ ಏಟಿಗೆ ಸಾಯಲಿಲ್ಲ. ನಾನು ಹೋಗುವಾಗ ಇನ್ನೂ ಉಸಿರಿತ್ತು. ಅಲ್ಲಿಯ ಮೇಷ್ಟ್ರು ಹೇಳಿದ್ರು, 'ಹೊಡೆದ ಹಾಗೆಲ್ಲ ಎದ್ದು ನಿಲ್ತಿತ್ತು ಮೇಡಂ, ಕೈ ಮಡಚಿಕೊಂಡು ನಿಲ್ತಿತ್ತು, ಮೈಮೇಲೆ ಬರ್ತಿದೆ ಅಂದ್ಕೊಂಡು ಇನ್ನೂ ಹೊಡೆದ್ವಿ.' ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ಗಂಜಿಗೆ ಕಾಯ್ತಾ ಇತ್ತು."

ಮೌನಿ ಖಾಲಿ ಪಾತ್ರೆಯನ್ನು ಎದೆಗೊತ್ತಿಕೊಂಡು ನಿಂತ.

"ಒಂದಷ್ಟು ಕಾಲ ಯಾರೂ ನಗದೆ ಇದ್ರೆ ಮರೆಯಲ್ವಾ?" ನಾನು ಕೇಳಿದೆ.

"ಮರೆಯಬಹುದು. ಆದರೆ ಇಲಾಖೆ ಕೊಟ್ಟ ಅವಧಿ ಎರಡು ಸಲ ಮುಂದೆ ಹಾಕಿಸಿಕೊಂಡಿದ್ದೀನಿ. ಇನ್ನೊಂದು ಸಲ ಕೊಡಲ್ಲ ಅಂತ ಹೇಳಿಬಿಟ್ಟಿದಾರೆ."

ಹೊರಗೆ ಜೀಪಿನ ಹಾರನ್ ಕೇಳಿತು. ಇಲ್ಲಿ ಹಾರನ್ ಮಾಡಬಾರದೆಂದು ಗೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಸಾಹೇಬರು ಓದುವುದು ಕನ್ನಡಕವಿದ್ದಾಗ ಮಾತ್ರ.

ಸಾಹೇಬರು ಕಡ್ಡಿ ಪೈಲ್ವಾನರು. ಶರ್ಟಿನ ಒಳಗೆ ಇನ್ನೊಬ್ಬರಿಗೂ ಜಾಗವಿತ್ತು. ಪ್ರತಿ ವಾಕ್ಯದ ಕೊನೆಗೆ ಪೂರ್ಣವಿರಾಮದ ಬದಲು ಒಂದು ಕೆಮ್ಮು.

"ಶುರು ಮಾಡೋಣ್ವಾ. ಖೆಮ್."

ಅವರೊಬ್ಬರೇ, ಕೋಟಿಲ್ಲದೆ, ಜಾಲರಿ ಬಾಗಿಲು ತೆರೆದು ಆವರಣಕ್ಕೆ ಹೋದರು. ನಾವು ನಾಲ್ವರೂ ಹೊರಗೆ ನಿಂತೆವು. ಸಾಹೇಬರು ಮರದ ಬುಡಕ್ಕೆ ನಡೆದರು. ಚಪ್ಪಾಳೆ ತಟ್ಟಿದರು. "ಬಾ ಬಾ ಬಾ," ಅಂದರು. ಜೇಬಿನಿಂದ ಬಿಸ್ಕತ್ತು ತೆಗೆದು ಎಸೆದರು.

ಮೂರನೆಯದು ಒಂದೇ ಉಸಿರಿಗೆ ತುದಿಗೆ ಹೋಯಿತು. ಹಲ್ಲು ಕಟಕಟಿಸಿತು. ಮೇಲಿನಿಂದ ಸಾಹೇಬರ ಮೇಲೆ ಉಚ್ಚೆ ಹೊಯ್ಯಲು ನೋಡಿ ಸ್ವಲ್ಪದರಲ್ಲಿ ತಪ್ಪಿತು. ಇದಕ್ಕಿಂತ ಒಳ್ಳೆಯ ಕಾಡುಕರಡಿಯನ್ನು ಆರ್ಡರು ಕೊಟ್ಟು ಮಾಡಿಸಿದರೂ ಸಿಗುತ್ತಿರಲಿಲ್ಲ.

 ಯಾರಾದರೂ ನಕ್ಕರೆ ಮುಗಿಯಿತು. ನಾಲ್ಕು ಜನರನ್ನು ನಗಿಸುವುದಕ್ಕೆಂದೇ ಹುಟ್ಟಿದ ನಾನು, ಜಗತ್ತಿನಲ್ಲಿ ಯಾರೂ ನಗದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಸಾಹೇಬರು ಹೊರಗೆ ಬಂದು ಚಿಲಕ ಹಾಕಿದರು.

"ಪರವಾಗಿಲ್ಲ ಡಾಕ್ಟ್ರೇ. ಬಹಳ ಚೆನ್ನಾಗಿದೆ. ಸಾಗಿಸೋ ಪಂಜರ ನಾಳೆ ಕಳಿಸ್ತೀನಿ, ಬಿಟ್ಟುಬಿಡಿ. ಖೆಮ್."

ಮೌನಿ ನಮಗೆ ಬೆನ್ನು ತಿರುಗಿಸಿ ನಿಂತ. ಅತ್ತಿಗೆ ಸೆರಗಿನ ತುದಿ ಬಾಯಿಗೆ ತುರುಕಿಕೊಂಡರು. ತುದಿ ಟೊಂಗೆಯ ಮೇಲೆ ಬಿಸಿಲು ಬಿದ್ದಿತ್ತು. ಮರಿ ಅಲ್ಲಿ ಕಪ್ಪು ಗಂಟಿನ ಹಾಗೆ ಕೂತಿತ್ತು. ನಾಳೆ ಅದರ ಕಾಲಡಿಗೆ ನಿಜವಾದ ಕಾಡಿನ ಎಲೆ ಇರುತ್ತದೆ. ನಾಡಿದ್ದು ಎಲ್ಲೋ ಯಾರೋ ಜೋಕು ಹೇಳುತ್ತಾರೆ.

"ಅಂದ ಹಾಗೆ," ಸಾಹೇಬರು ನನ್ನ ಕಡೆ ತಿರುಗಿದರು, "ಆ ಎರಡನ್ನ ಪಳಗಿಸಿದ ಪುಣ್ಯಾತ್ಮರು ಯಾರು ಅಂತ ಗೊತ್ತಾಯ್ತಾ?"

ಮೂರು ಜೊತೆ ಕಣ್ಣುಗಳು ನನ್ನ ಮೇಲೆ. ಬೇಡಿಕೊಳ್ಳುವ ಎರಡು ಜೊತೆ, ಸುಮ್ಮನೆ ಕಾಯುವ ಒಂದು ಜೊತೆ.

"ಇನ್ನೂ ಇಲ್ಲ ಸಾರ್," ಅಂದೆ.

ಸಾಹೇಬರು ತಲೆಯಾಡಿಸಿ ಜೀಪಿನ ಕಡೆ ಹೆಜ್ಜೆ ಹಾಕಿದರು. ಮೌನಿ ಉಸಿರು ಬಿಟ್ಟದ್ದು ನನಗೆ ಕೇಳಿತು.

"ಸಾಹೇಬ್ರೇ, ಒಂದು ನಿಮಿಷ."

ಡಾಕ್ಟರಮ್ಮ. ಪಿಸುದನಿಯಲ್ಲ, ಪೂರ್ತಿ ದನಿ. ಜಾಲರಿಯ ಪಕ್ಕದಲ್ಲಿ ಅವರು ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು. ಮೇಲೆ ಮರಿ ಬೆಚ್ಚಿ ಕಾಂಡ ತಬ್ಬಿಕೊಂಡಿತು.

"ನಮ್ಮ ಪತ್ತೇದಾರರು ಬಹಳ ಚೆನ್ನಾಗಿ ಮಿಮಿಕ್ರಿ ಮಾಡ್ತಾರೆ. ಇವತ್ತು ನನ್ನನ್ನೂ ಬಿಡಲಿಲ್ಲ. ಒಂದು ಸಲ ನೋಡ್ಕೊಂಡು ಹೋಗಿ."

"ಬೇಡೇ," ಅತ್ತಿಗೆ ಅಂದರು. ಅಷ್ಟೇ ಅಂದರು.

"ಡಾಕ್ಟ್ರೇ, ಇವತ್ತು ಬೇಡ," ನಾನೂ ಅಂದೆ. "ಗಂಟಲು ಕಟ್ಟಿದೆ."

ಅವರು ನನ್ನ ಹತ್ತಿರ ಬಂದು, ಮತ್ತೆ ಪಿಸುದನಿಗೆ ಇಳಿದರು. "ನನ್ನ ಕೈಯಲ್ಲಿ ಇಂಜೆಕ್ಷನ್ ಕೊಟ್ರೆ ಅದಕ್ಕೆ ನೋವಾಗಲ್ಲ. ನಿಮ್ಮನ್ನ ಕರೆಸಿದ್ದು ಪತ್ತೆ ಮಾಡಿ ಹೇಳೋಕೆ. ಹೇಳಿ."

ಮೂಗಿನ ತುದಿಗೆ ಇಲ್ಲದ ಕನ್ನಡಕ ಏರಿಸಿದೆ. ಹುಬ್ಬು ಏರಿಸಿದೆ.  ಒಂದು ಕೈ ಸೊಂಟಕ್ಕಿಟ್ಟೆ.

"ಏನ್ರೀ ಸಾಹೇಬ್ರೇ, ಹೀಗಾ ಬರೋದು ಕರಡಿ ನೋಡೋಕೆ? ಇಸ್ತ್ರಿ ಶರ್ಟು, ಸೆಂಟು. ಯಾರ ಮನೆಗೆ ಹೆಣ್ಣು ನೋಡೋಕೆ ಹೊರಟಿದೀರಿ? ಮೌನಿ, ಇವರಿಗೆ ಲದ್ದಿ ಹಚ್ಚಿ. ಕೊರಳಿಗೆ ಹಚ್ಚಿ, ಕಂಕುಳಿಗೆ ಹಚ್ಚಿ, ಕೆಮ್ಮಿಗೂ ಸ್ವಲ್ಪ ಹಚ್ಚಿ."

ಆಮೇಲೆ ಸಾಹೇಬರ ದನಿಗೆ ಜಿಗಿದೆ. "ಪರವಾಗಿಲ್ಲ ಡಾಕ್ಟ್ರೇ. ಬಹಳ ಚೆನ್ನಾಗಿದೆ. ಮನೆಗೂ ಸ್ವಲ್ಪ ಕಟ್ಟಿಕೊಡಿ. ಖೆಮ್."

ಸಾಹೇಬರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಮೂರನೆಯ ಕೆಮ್ಮು ದಾರಿ ತಪ್ಪಿ ನಗುವಾಯಿತು.

ಮೌನಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಅತ್ತಿಗೆ ಗೋಡೆಗೆ ಮುಖ ಮಾಡಿದ್ದರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಡಾಕ್ಟರಮ್ಮ. ತಲೆ ಹಿಂದಕ್ಕೆ ಚೆಲ್ಲಿ, ಜಾಲರಿಯನ್ನು ಒಂದು ಕೈಯಲ್ಲಿ ಹಿಡಿದು, ಆ ಖಾಲಿ ಬಕೆಟ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಉರುಳಿಸುತ್ತ ನಕ್ಕರು.

ಕರ್. ಕರ್. ಕರ್.

ಸಾಹೇಬರ ನಗು ಅರ್ಧಕ್ಕೆ ತುಂಡಾಯಿತು. ಜಾಲರಿಯ ಆಚೆ, ಅವರಿಂದ ಒಂದು ತೋಳಿನಷ್ಟು ದೂರದಲ್ಲಿ, ಮೂರನೆಯದು ಹಿಂಗಾಲ ಮೇಲೆ ಎದ್ದು ನಿಂತಿತ್ತು. ಮುಂಗಾಲು ಎದೆಯ ಮೇಲೆ ಮಡಚಿಕೊಂಡು. ಬಾಯಿ ತೆರೆದುಕೊಂಡು.

"ಡಾಕ್ಟ್ರೇ," ಸಾಹೇಬರ ಕೈ ಜೇಬಿನ ಫೋನಿನ ಕಡೆ ಹೋಗಿ ನಡುವೆಯೇ ನಿಂತಿತು. "ಇದೇನಿದು? ಡಾಕ್ಟ್ರೇ, ನಗೋದು ನಿಲ್ಲಿಸಿ. ಇದೇನು ಅಂತ ಹೇಳಿ."

ಅವರು ನಿಲ್ಲಿಸಲಿಲ್ಲ. ಮುಖವಾಡವಿಲ್ಲದೆ ಆ ಮರಿಯ ಎದುರು ಅವರು ನಿಂತದ್ದು ಅದೇ ಮೊದಲು. ನಗು ನಿಂತರೆ ಅದು ತಿರುಗಿ ಮರ ಹತ್ತಿಬಿಡುತ್ತದೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು.